ಮಾದೇವಣ್ಣ ಒತ್ತದ ಬಟನ್ನು

ಪ್ರೋಬುಗಳನ್ನು ಕೊಂಡರೆ ಅವುಗಳ ಪೊಟ್ಟಣದಲ್ಲಿ ಪುಟ್ಟ ಪ್ಲಾಸ್ಟಿಕ್ ಉಂಗುರಗಳೂ ಬರುತ್ತವೆ. ಹಳದಿ, ನೀಲಿ, ಗುಲಾಬಿ, ಹಸಿರು. ಯಾವ ವೈರು ಪರದೆಯ ಯಾವ ಗೆರೆಗೆ ಸೇರಿದ್ದು ಎಂದು ಗುರುತು ಸಿಗಲಿ ಎಂದು ವೈರಿನ ಎರಡೂ ತುದಿಗೆ ಒಂದೇ ಬಣ್ಣದ ಉಂಗುರ ತೊಡಿಸಬೇಕು. ಮೊನ್ನೆ ನನ್ನ ತವರೂರು ನೂಲದಿಂದ ಬಂದ ನನ್ನ ತಂಗಿಯ ಮಗಳು ಹಸಿರು ಉಂಗುರಗಳನ್ನು ಬಿಚ್ಚಿ ತನ್ನ ಬೊಂಬೆಗೆ ಬಳೆ ಮಾಡಿಬಿಟ್ಟಿದ್ದಳು. ಕೇಳಿದರೆ, "ದೊಡ್ಡವ್ವಾ, ಲಗ್ನದಾಗ ಹಸರ ಬಳಿನ ಬೇಕಲ್ಲ?" ಎಂದಳು. ಬೊಂಬೆಯ ಲಗ್ನದ ಮುಂದೆ ನನ್ನ ರಿಪೇರಿ ಏನು ದೊಡ್ಡದು! ಬರಿಗೈಯಾದ ಪ್ರೋಬನ್ನು ಹಿಡಿದು ಕೂತಾಗ, ಅದನ್ನು ಕೊಳ್ಳಲು ಕೊಲ್ಹಾಪುರಕ್ಕೆ ಹೋದ ದಿನ ನೆನಪಾಯಿತು.

ಪ್ರೋಬು ಎಂದರೇನೆಂದು ಹೇಳದೆ ಮುಂದೆ ಹೋದರೆ ನೀವು ಪುಟ ಮಗುಚುತ್ತೀರಿ. ನಾನು ಮರಾಠಿ ಸೀಮೆಯ ಇಚಲಕರಂಜಿಯಲ್ಲಿ ಮಗ್ಗಗಳ ಎಲೆಕ್ಟ್ರಾನಿಕ್ ಕಾರ್ಡು ರಿಪೇರಿ ಮಾಡುವವಳು. ಈಗಿನ ಮಗ್ಗಗಳಲ್ಲಿ ಎಳೆ ಕಡಿದರೆ ನಿಲ್ಲಿಸುವುದು, ಬಟನ್ನು ಒತ್ತಿದರೆ ಹೊರಡಿಸುವುದು ಎಲ್ಲ ಒಂದು ಹಸಿರು ಹಲಗೆಯ ಕೆಲಸ, ಅದೇ ಕಾರ್ಡು. ಅದರೊಳಗೆ ವಿದ್ಯುತ್ತು ಹೇಗೆ ಏರಿ ಇಳಿಯುತ್ತಿದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರಕ್ಕೆ ಆಸಿಲೋಸ್ಕೋಪು ಎಂದು ಹೆಸರು. ಕಾರ್ಡಿಗೂ ಸ್ಕೋಪಿಗೂ ನಡುವಿನ, ಸೂಜಿಮೂತಿಯ ವೈರೇ ಪ್ರೋಬು. ನನ್ನನ್ನು ಮರಾಠಿಯಂತೆ ತಾಈ, ಅಂದರೆ ಅಕ್ಕ, ಎನ್ನುವ ನಮ್ಮ ಗಿರಾಕಿಗಳು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. "ತಾಈ, ಕಾರ್ಡಿಂದು ಒಂದ್ ಇಸಿಜಿ ತಗೀರಿ" ಎಂದು ಮೇಜಿನ ಮೇಲೆ ಇಟ್ಟು ಹೋಗುತ್ತಾರೆ.

ಈ ಕಸುಬಿಗೆ ನಾನು ಬಿದ್ದದ್ದೇ ಒಂದು ವೈರಿನಿಂದ. ನೂಲದ ನಮ್ಮ ಮನೆಯಲ್ಲಿ ಅಪ್ಪನ ರೇಡಿಯೋ ಒಂದಿತ್ತು. ಅದರ ಏರಿಯಲ್ ಮುರಿದು, ಆ ಜಾಗದಲ್ಲಿ ತಾಮ್ರದ ತಂತಿ ಸಿಕ್ಕಿಸಿದ್ದರು. ಆ ತಂತಿಯನ್ನು ನಾನು ಹಿಡಿದರೆ ದನಿ ಸ್ಪಷ್ಟ, ಬಿಟ್ಟರೆ ಬರೀ ಗೊರಗೊರ. ಅಕ್ಕ ಹಿಡಿದರೆ ಆಗುತ್ತಿರಲಿಲ್ಲ, ಅವ್ವ ಹಿಡಿದರೆ ಆಗುತ್ತಿರಲಿಲ್ಲ. ಹೀಗಾಗಿ ಸುದ್ದಿ ಮುಗಿಯುವ ತನಕ ನಾನು ತಂತಿ ಹಿಡಿದು ಗೋಡೆಗೆ ಆತು ನಿಲ್ಲಬೇಕು. ಮನೆಗೆ ಬಂದವರು "ಇಕಿ ಯಾರು?" ಎಂದು ಕೇಳಿದರೆ ಅಪ್ಪ, "ಇಕಿ ನಮ್ಮ ಸುಮನ, ರೇಡಿಯೋದಕಿ" ಎನ್ನುತ್ತಿದ್ದರು. ನನ್ನ ಮೈಯಲ್ಲೇನೋ ದೈವಿಕ ಶಕ್ತಿ ಇದೆಯೆಂದು ನಾನು ಭಾಳ ದಿನ ನಂಬಿದ್ದೆ. ಗಡಹಿಂಗ್ಲಜದಲ್ಲಿ ಡಿಪ್ಲೊಮಾ ಓದುವಾಗ, ಮನುಷ್ಯರ ಮೈಯೆಲ್ಲ ಏರಿಯಲ್ಲೇ, ರೇಡಿಯೋದ ಹತ್ತಿರ ಸರಿಯಾದ ಕಡೆ ನಿಂತವರು ಯಾರಾದರೂ ಆಗುತ್ತಿತ್ತು ಎಂದು ತಿಳಿಯಿತು. ವಿದ್ಯೆಯಿಂದ ನನಗಾದ ಮೊದಲ ನಷ್ಟ ಅದು.

ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೆ ಒಂದು ಹಳೆಯ ಸ್ಕೋಪಿನಲ್ಲೇ ಇಷ್ಟು ವರ್ಷ ದುಡಿದೆ. ಮುಚ್ಚಿಹೋದ ಪ್ರಯೋಗಶಾಲೆಯೊಂದರಿಂದ ತಂದದ್ದು. ಅಂಗೈಯಗಲದ ಪರದೆ, ಎರಡೇ ಹಸಿರು ಗೆರೆ. ಅದಕ್ಕೆ ನೆನಪು ಎಂಬುದಿಲ್ಲ. ಈ ಕ್ಷಣ ಏನಾಗುತ್ತಿದೆಯೋ ಅದನ್ನು ತೋರಿಸಿ, ಮರುಕ್ಷಣ ಅಳಿಸಿಬಿಡುತ್ತದೆ. ಮತ್ತೆ ಮತ್ತೆ ಆಗುವ ದೋಷವಾದರೆ ಹಿಡಿಯಬಹುದು. ಎಂದೋ ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಆಗಿ ಹೋಗುವುದನ್ನು ಹಿಡಿಯಲಾಗದು. ಅಂಥ ದೋಷ ಬಂದಾಗ ಕಾರ್ಡನ್ನೇ ಬದಲಿಸಿ ಎನ್ನುತ್ತಿದ್ದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ.

ಪಕ್ಕದ ಕೊರೋಚಿಯಲ್ಲಿ ಭೂಪಾಲಣ್ಣನ ಮಗ್ಗಗಳಿವೆ. ಮೂಲ ಅಕಿವಾಟದವರು, ಜೈನರು; ಅಣ್ಣತಮ್ಮಂದಿರು ಅಲ್ಲಿ ಕಬ್ಬು ನೋಡಿಕೊಂಡರೆ ಇವರು ಇಲ್ಲಿ ಬಟ್ಟೆ ನೋಡಿಕೊಳ್ಳುತ್ತಾರೆ. ಅವರ ಶೆಡ್ಡಿನಲ್ಲಿ ಮಹಾದೇವಪ್ಪ ಎಂಬ ನೇಕಾರ. ತೇರದಾಳದ ಕಡೆಯವನು, ನಮಗೆಲ್ಲ ಮಾದೇವಣ್ಣ. ಹೆಂಡತಿ ಕಾಶವ್ವ ಅದೇ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವವಳು. ಒಂದು ಮಧ್ಯಾಹ್ನ ಎಳೆ ಕಡಿದು ಮಗ್ಗ ತಾನಾಗಿ ನಿಂತಿತು. ಕಡಿದ ಎಳೆಯನ್ನು ತೆಗೆಯಲು ಮಾದೇವಣ್ಣ ಬಾಗಿ ಕೈ ಒಳಗೆ ಹಾಕಿದ. ಮಗ್ಗ ಒಂದೇ ಒಂದು ಸಲ ಮುಂದಕ್ಕೆ ಜಿಗಿಯಿತು. ಎಳೆಗಳನ್ನು ಬಡಿದು ಕೂಡಿಸುವ ಉಕ್ಕಿನ ಹಣಿಗೆ ಅವನ ಬಲಗೈಯ ಮೇಲೆ ಬಂತು. ಎರಡು ಬೆರಳು ಅರ್ಧಕ್ಕೆ ಹೋದವು.

ಆಸ್ಪತ್ರೆಯ ಓಡಾಟವೆಲ್ಲ ಭೂಪಾಲಣ್ಣನೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆಮೇಲೆ ಕಾರ್ಡು ಬಿಚ್ಚಿಸಿ ನನ್ನ ಬಳಿ ತಂದರು. ಎರಡು ದಿನ ನೋಡಿದೆ. ನನ್ನ ಮೇಜಿನ ಮೇಲೆ ಕಾರ್ಡು ಹೇಳಿದಂತೆ ಕೇಳುತ್ತಿತ್ತು. "ನನಗೇನೂ ಕಾಣವಲ್ದ್ರಿ" ಎಂದೆ. ಅಂದದ್ದು ಅಷ್ಟೇ. ಸಂಜೆಯೊಳಗೆ ಅದು ಶೆಡ್ಡಿನಲ್ಲಿ "ಕಾರ್ಡು ಚಲೋ ಐತಂತ, ತಾಈನ ಹೇಳ್ಯಾರ" ಎಂದಾಗಿತ್ತು. ಕಾರ್ಡು ಚಲೋ ಇದ್ದರೆ ಬಟನ್ನು ಒತ್ತಿದವರು ಯಾರು? ಅಲ್ಲಿದ್ದವನು ಮಾದೇವಣ್ಣ ಒಬ್ಬನೇ.

"ಮಾದೇವ ಖೊಟ್ಟಿ ಮಾತಾಡೂ ಮನಶ್ಯಾ ಅಲ್ಲ ತಾಈ" ಎಂದರು ಭೂಪಾಲಣ್ಣ. "ಆದ್ರ ದಣದಿದ್ದ ಪಾಪ. ಎಡಗೈ ಹೋಗಿ ಬಟನ್ ಮ್ಯಾಲ ಬಿದ್ದಿರಬೇಕು, ಅವಂಗ ಗೊತ್ತಾಗಿಲ್ಲ. ಮಷೀನು ತಾನಾಗಿ ಹೆಂಗ ನಡದೀತ್ರಿ?"

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ಕಷ್ಟವಾದದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕನಿಕರಕ್ಕೆ ಏನು ಉತ್ತರ ಕೊಡುವುದು?

ಕೆಲವು ದಿನಗಳ ನಂತರ ಮಾದೇವಣ್ಣ ನನ್ನ ಅಂಗಡಿಗೆ ಬಂದ. ಕೈಗೆ ದಪ್ಪ ಬ್ಯಾಂಡೇಜು. ಕೂಡ್ರಿ ಎಂದರೂ ಕೂರಲಿಲ್ಲ.

"ನಾ ಬಟನ್ ಒತ್ತಿಲ್ರಿ ಅಕ್ಕಾರ" ಎಂದ.

"ನೀವು ಒತ್ತೀರಿ ಅಂತ ನಾ ಅಂದಿಲ್ಲ ಮಾದೇವಣ್ಣ."

"ನಿಮ್ಮ ಮಷೀನಿಗೆ ಕಾಣಲಿಲ್ಲ ಅಂದ್ರ ಅದು ಆಗೇ ಇಲ್ಲ ಅಂತ ಆತೇನ್ರಿ?"

"ಹಂಗಲ್ಲ. ನನ್ನ ಮಷೀನಿಗೆ ಹಿಂದಿಂದು ನೆನಪಿರೂದಿಲ್ಲ. ಆಗೂ ಹೊತ್ತಿನಾಗ ಕಣ್ಣಿಟ್ಟು ಕುಂತಿದ್ರಷ್ಟ ಕಾಣತೈತಿ."

ಅವನು ಹಸಿರು ಪರದೆಯತ್ತ ಬಗ್ಗಿ ನೋಡಿದ. "ನೆನಪಿರೂ ಮಷೀನು ಇರತಾವೇನ್ರಿ?"

"ಇರತಾವು."

"ಮತ್ತ ಅದರಾಗ ನೋಡ್ರಿ" ಎಂದ. ಬಸ್ಸಿನಲ್ಲಿ ಸೀಟು ಖಾಲಿ ಇದೆ, ಕೂಡ್ರಿ ಎಂದಷ್ಟು ಸರಳವಾಗಿ. ಹೇಳಿ ಹೊರಟೇಬಿಟ್ಟ.

ಹಾಗೆ ನಾನು ಕೊಲ್ಹಾಪುರಕ್ಕೆ ಹೋದದ್ದು. ಹೊಸ ಸ್ಕೋಪು ಕೊಳ್ಳಬೇಕೆಂಬ ಆಸೆ ಹಳೆಯದೇ. ಆದರೆ ಆಸೆಯಿಂದ ಕೊಳ್ಳುವಾಗ ಪರದೆ ಎಷ್ಟು ದೊಡ್ಡದು, ಬಣ್ಣ ಎಷ್ಟು ಚೆಂದ ಎಂದು ನೋಡುತ್ತೇವೆ. ಆ ದಿನ ನನ್ನ ಚೀಲದಲ್ಲಿ ಟವೆಲ್ಲಿನಲ್ಲಿ ಸುತ್ತಿದ ಆ ಮಗ್ಗದ ಕಾರ್ಡು ಇತ್ತು. ತೊಡೆಯ ಮೇಲೆ ಅದನ್ನಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದೆ. ಪಕ್ಕದ ಹೆಂಗಸು, "ಊಟದ ಡಬ್ಬಿ ಏನ್ರಿ? ದವಾಖಾನಿಗೇನು?" ಎಂದು ಕೇಳಿದಳು. ಹೌದೆಂದುಬಿಟ್ಟೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು, ಪೂರ್ತಿ ಸುಳ್ಳೂ ಆಗಿರಲಿಲ್ಲ.

ಅಂಗಡಿಯಾತ ನನ್ನ ವಯಸ್ಸಿನವನೇ, ಮರಾಠಿ ಮಾತಿನವನು. "ಕಾಯ್ ತಾಈ, ಮುಲಾಚ್ಯಾ ಕಾಲೇಜಸಾಠೀ ಕಾ?" ಎಂದ. ಮಗನ ಕಾಲೇಜಿಗಲ್ಲ, ನನಗೇ ಎಂದೆ. ಒಂದು ಕ್ಷಣ ನನ್ನ ಸೆರಗನ್ನೂ ಕನ್ನಡಕವನ್ನೂ ನೋಡಿ, ಅಂಗಡಿಯಲ್ಲಿ ಎಲ್ಲಕ್ಕಿಂತ ವೇಗದ್ದು ಎಂಬ ಸ್ಕೋಪನ್ನು ಮೇಜಿನ ಮೇಲೆ ಇಟ್ಟ. ಕೊಳ್ಳುವವರು ಮೊದಲು ಕೇಳುವುದೇ ವೇಗವಂತೆ. ನನಗೆ ಬೇಕಾದದ್ದು ಅದಲ್ಲ. ಮಗ್ಗದ ಕಾರ್ಡಿನಲ್ಲಿ ಹರಿಯುವುದು ಅಷ್ಟೇನೂ ಅವಸರದ ವಿದ್ಯುತ್ತಲ್ಲ. ಅದರಲ್ಲೂ ಎರಡೇ ಗೆರೆ. ಎರಡನೆಯದರಲ್ಲಿ ನಾಲ್ಕು ಗೆರೆ, ಪರದೆಯೂ ದೊಡ್ಡದು. ಆದರೆ ದೀರ್ಘ ಹೊತ್ತಿನ ದಾಖಲೆ ತೆಗೆದು ಹಿಗ್ಗಿಸಿ ನೋಡಿದರೆ ಗೆರೆ ಒಡೆದು ಚುಕ್ಕಿ ಚುಕ್ಕಿಯಾಗುತ್ತಿತ್ತು. ಹೆಚ್ಚು ಹೊತ್ತು ನೆನಪಿಡಲು ಹೋಗಿ ವಿವರ ಬಿಟ್ಟುಕೊಡುವ ಜಾತಿ ಅದು. ನನ್ನ ನೆನಪೂ ಹಾಗೆಯೇ ಇರುವುದರಿಂದ ಅದನ್ನು ಬೈಯಲು ಮನಸ್ಸಾಗಲಿಲ್ಲ. ಕೊಳ್ಳಲೂ ಆಗಲಿಲ್ಲ.

ಕೊನೆಗೆ ಟವೆಲ್ಲು ಬಿಚ್ಚಿ ಕಾರ್ಡು ತೋರಿಸಿ, ಆದದ್ದನ್ನೆಲ್ಲ ಹೇಳಿದೆ. ಅಂಗಡಿಯಾತ ಮಾತು ನಿಲ್ಲಿಸಿದ. "ಬೋಟಂ ಗೇಲೀ?" ಎಂದಷ್ಟೇ ಕೇಳಿದ. ಹೌದು, ಬೆರಳು ಹೋದವು ಎಂದೆ. ಆಗ ಒಳಗಿನಿಂದ ಮೂರನೆಯದನ್ನು ತಂದ. ನೋಡಲು ಸಾಧಾರಣ. ಇದಕ್ಕೆ ಮಿಕ್ಸೆಡ್ ಸಿಗ್ನಲ್ ಸ್ಕೋಪು ಎನ್ನುತ್ತಾರೆ. ನಾಲ್ಕು ಗೆರೆಗಳು ವಿದ್ಯುತ್ತು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ತೋರಿಸುತ್ತವೆ. ಅವುಗಳ ಕೆಳಗೆ, ಅಗಲ ಪಟ್ಟಿಯಂಥ ಬೇರೊಂದು ವೈರಿನಿಂದ ಬರುವ ಇನ್ನೂ ಹಲವು ಗೆರೆಗಳು, ಬರೀ ಹೌದು ಅಥವಾ ಇಲ್ಲ ಎನ್ನುವಂಥವು: ಬಟನ್ನು ಒತ್ತಿದೆಯೋ ಇಲ್ಲವೋ, ಮಗ್ಗವನ್ನು ಓಡಿಸುವ ಕ್ಲಚ್ಚಿಗೆ ಅಪ್ಪಣೆ ಹೋಗಿದೆಯೋ ಇಲ್ಲವೋ. ಎಲ್ಲವೂ ಒಂದೇ ಪರದೆಯಲ್ಲಿ, ಒಂದೇ ಗಡಿಯಾರಕ್ಕೆ. ಅದು ಸದಾ ನೆನಪಿಡುತ್ತ, ಮರೆಯುತ್ತ ಇರುತ್ತದೆ. ನಾವು ಹೇಳಿದ ಘಟನೆ ನಡೆದ ಕೂಡಲೇ ನಿಂತು, ಅದರ ಹಿಂದಿನದನ್ನೂ ಮುಂದಿನದನ್ನೂ ಹಿಡಿದಿಡುತ್ತದೆ.

"ಯಾವ ಘಟನೆಗೆ ನಿಲ್ಲಬೇಕು, ಹೇಳಿ" ಎಂದ ಮರಾಠಿಯಲ್ಲಿ.

ನಾನು ಗುಂಡಿಗಳನ್ನು ತಿರುಗಿಸಿ ಷರತ್ತು ಹಾಕಿದೆ: ಬಟನ್ನು ಒತ್ತಿಲ್ಲ, ಆದರೂ ಮಗ್ಗಕ್ಕೆ ಅಪ್ಪಣೆ ಹೋಗಿದೆ, ಹಾಗಾದರೆ ನಿಲ್ಲು. ಮಾದೇವಣ್ಣ ನನ್ನ ಅಂಗಡಿಯಲ್ಲಿ ನಿಂತು ಹೇಳಿದ್ದೂ ಇಷ್ಟೇ ತಾನೆ? ಅದನ್ನು ಯಾರೂ ಕೇಳಿಸಿಕೊಂಡಿರಲಿಲ್ಲ. ಈ ಯಂತ್ರ ಮರುಮಾತಾಡದೆ ಕೇಳಿಸಿಕೊಂಡಿತು.

ಇನ್ನು ಪ್ರೋಬುಗಳು. ಪ್ರತಿ ಪ್ರೋಬಿಗೂ ಒಂದು ಮೊಸಳೆಬಾಯಿಯ ಕ್ಲಿಪ್ಪು ಇರುತ್ತದೆ. ಅದನ್ನು ನೆಲದ ವೈರಿಗೆ, ಅಂದರೆ ಅರ್ಥಿಗೆ, ಕಚ್ಚಿಸಬೇಕು. ತಪ್ಪಿ ಬೇರೆಡೆ ಕಚ್ಚಿಸಿದರೆ ಢಮ್ಮೆನ್ನುತ್ತದೆ. ಗಡಹಿಂಗ್ಲಜದಲ್ಲಿ ನಮ್ಮ ಸರ್ ಒಬ್ಬರು "ಹೀಗೆ ಎಂದೂ ಮಾಡಬಾರದು" ಎಂದು ಹೇಳುತ್ತಲೇ ಮಾಡಿಬಿಟ್ಟಿದ್ದರು. ಹೊಗೆಯ ನಡುವೆ ಮೀಸೆ ಸವರಿಕೊಂಡು, "ಪ್ರ್ಯಾಕ್ಟಿಕಲ್ ಸಂಪಲಂ" ಎಂದು ಕ್ಲಾಸು ಮುಗಿಸಿದರು. ಮಗ್ಗದ ಬ್ರೇಕು ಹಾಕುವ ತಂತಿಸುರುಳಿಯ ಯಾವ ತುದಿಯೂ ಅರ್ಥಿಗೆ ಸೇರಿಲ್ಲವಾದ್ದರಿಂದ, ಎರಡು ತುದಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆಯುವ ಡಿಫರೆನ್ಷಿಯಲ್ ಪ್ರೋಬು ಒಂದು ಬೇಕೇಬೇಕಿತ್ತು. ಅಂಗಡಿಯಾತ ಅದನ್ನಿಟ್ಟು, ಜೊತೆಗೆ ಪೆನ್ನಿನ ಸ್ಪ್ರಿಂಗಿನಂಥ ಪುಟ್ಟ ತಂತಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟ. "ಶೆಡ್ಡಿನಲ್ಲಿ ಉದ್ದ ಕ್ಲಿಪ್ಪು ಬೇಡ, ಇದನ್ನು ಹಾಕಿ. ಇಲ್ಲದಿದ್ದರೆ ಇಲ್ಲದ್ದೆಲ್ಲ ಕಾಣುತ್ತದೆ" ಎಂದ.

ನಾನು ಹೂಂ ಎಂದು ತಲೆಯಾಡಿಸಿ, ಕೊರೋಚಿಯಲ್ಲಿ ಉದ್ದ ಕ್ಲಿಪ್ಪನ್ನೇ ಹಾಕಿದೆ.

ಭೂಪಾಲಣ್ಣ ಆ ಮಗ್ಗವನ್ನು ನನಗೆ ಬಿಟ್ಟುಕೊಟ್ಟಿದ್ದರು. "ನಿಮ್ಮ ಸಮಾಧಾನಕ್ಕ ನೋಡ್ರಿ ತಾಈ" ಎಂದಿದ್ದರು. ಕಾರ್ಡನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ, ಮೋಟರಿನ ಬೆಲ್ಟು ಕಳಚಿಸಿ, ಯಾರೂ ಹತ್ತಿರ ಬರದಂತೆ ಹಗ್ಗ ಕಟ್ಟಿಸಿ, ಸ್ಟೂಲಿನ ಮೇಲೆ ಸ್ಕೋಪಿಟ್ಟು, ಅದಕ್ಕೆ ಆಫೀಸಿನ ಇನ್ವರ್ಟರಿನಿಂದ ವೈರು ಎಳೆಸಿ ಕೂತೆ. ಸುತ್ತಲಿನ ಮಗ್ಗಗಳು ನಡೆಯುತ್ತಿದ್ದವು, ನೆಲವೇ ನಡುಗುತ್ತಿತ್ತು. ಷುರು ಮಾಡಿದ ಕೂಡಲೇ ಪರದೆ ನಿಂತಿತು. ಮತ್ತೆ ಹಾಕಿದೆ, ಮತ್ತೆ ನಿಂತಿತು. ಎಲ್ಲ ಗೆರೆಗಳಲ್ಲೂ ಮುಳ್ಳು. ಸಂಭ್ರಮದಿಂದ ಭೂಪಾಲಣ್ಣನನ್ನು ಕರೆಯಲು ಎದ್ದವಳು ಹಾಗೇ ಕೂತೆ. ಅಪ್ಪನ ರೇಡಿಯೋಕ್ಕೆ ನಾನು ಏರಿಯಲ್ ಆಗಿದ್ದಂತೆ, ಆ ಉದ್ದ ಕ್ಲಿಪ್ಪಿನ ವೈರು ಶೆಡ್ಡಿನ ಗದ್ದಲವನ್ನೆಲ್ಲ ಹೀರಿ ಪರದೆಗೆ ತಂದು ಸುರಿಯುತ್ತಿತ್ತು. ಅದು ಸಾಕ್ಷಿಯಲ್ಲ, ಗಾಳಿಮಾತು. ಅದನ್ನು ತೋರಿಸಿದ್ದರೆ ಭೂಪಾಲಣ್ಣ ನಂಬುತ್ತಿದ್ದರೇನೋ. ಆಮೇಲೆ ಯಾರಾದರೂ ತಿಳಿದವರು ಬಂದು ನಕ್ಕಿದ್ದರೆ ಮಾದೇವಣ್ಣನ ಮಾತು ಎರಡನೆಯ ಸಲ ಸುಳ್ಳಾಗುತ್ತಿತ್ತು. ಕ್ಲಿಪ್ಪುಗಳನ್ನೆಲ್ಲ ತೆಗೆದು ಪುಟ್ಟ ಸ್ಪ್ರಿಂಗುಗಳನ್ನು ಹಾಕಿದೆ. ಮುಳ್ಳುಗಳು ಮಾಯವಾದವು. ಜೊತೆಗೆ, ಹಿಡಿಯಬೇಕಾದದ್ದೂ ಬರಲಿಲ್ಲ.

ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾನು ಮನೆಯಿಂದ ರೊಟ್ಟಿ ಕಟ್ಟಿಕೊಂಡು ಹೋಗಿ ಮಗ್ಗದ ಮುಂದೆ ಕೂರುವುದು ಶೆಡ್ಡಿನಲ್ಲಿ ನಗೆಚಾಟಿಕೆಯಾಯಿತು. ಕಂಡಿಕೆ ಸುತ್ತುತ್ತಿದ್ದ ಕಾಶವ್ವ ಮಾತ್ರ ನಗಲಿಲ್ಲ. ಊಟದ ಬಿಡುವಿನಲ್ಲಿ ನನ್ನ ಪಕ್ಕ ಬಂದು ಕೂತಳು.

"ಬಿಡ್ರಿ ಅಕ್ಕಾರ. ಎಷ್ಟ ದಿನಾ ಅಂತ ಕುಂದರ್ತೀರಿ?" ಎಂದಳು. "ಒತ್ತಿದ್ರ ಒತ್ತೀನಿ ಅನ್ರಿ, ಸಾಹೇಬ್ರು ಏನ್ ತಿಂತಾರೇನು ಅಂತ ನಮ್ಮನಿಯವ್ರಿಗೆ ಹೇಳಿ ಹೇಳಿ ನನಗೂ ಸಾಕಾಗಿ ಹೋತು. ಮೊದಲ ಜಗಳಾ ಮಾಡತಿದ್ರು. ಈಗ ಸುಮ್ನ ಆಗ್ಯಾರ. ಆ ಸುಮ್ನ ಇರೂದು ನನಗ ಚಲೋ ಅನಸವಲ್ದು."

ನಾನು ರೊಟ್ಟಿ ಕಟ್ಟಿಟ್ಟು ಮತ್ತೆ ಸ್ಕೋಪಿನತ್ತ ತಿರುಗಿದೆ.

ಅದರ ಮರುದಿನ ಮಧ್ಯಾಹ್ನ ಪಕ್ಕದ ಮಗ್ಗದಲ್ಲಿ ಎಳೆ ಕಡಿದು, ಬ್ರೇಕು ಬಿದ್ದು ಮಗ್ಗ ನಿಂತಿತು. ಅದೇ ಹೊತ್ತಿಗೆ ನನ್ನ ಪರದೆಯೂ ನಿಂತಿತು. ನಾನು ಮೊದಲು ಸ್ಪ್ರಿಂಗುಗಳನ್ನೇ ಅನುಮಾನದಿಂದ ಮುಟ್ಟಿ ನೋಡಿದೆ, ಎಲ್ಲ ಸರಿಯಿದ್ದವು. ನಂತರ ಗೆರೆಗಳನ್ನು ಹಿಗ್ಗಿಸಿದೆ. ಪಕ್ಕದ ಮಗ್ಗವನ್ನೂ ಬಿಚ್ಚಿಸಿ ನೋಡಿದೆ: ಅದರ ಬ್ರೇಕಿನ ಸುರುಳಿ ಬಿಡುವಾಗ ಒದೆಯುವ ಒದೆತವನ್ನು ಹೀರಿಕೊಳ್ಳಬೇಕಾದ ಭಾಗ ಸತ್ತಿತ್ತು. ಎರಡು ಮಗ್ಗಕ್ಕೂ ಒಂದೇ ಲೈನಾದ್ದರಿಂದ ಆ ಒದೆತಕ್ಕೆ ಈ ಕಾರ್ಡಿನ ವಿದ್ಯುತ್ತು ಒಂದು ಗಳಿಗೆ ಕುಸಿದಿತ್ತು. ಕುಸಿದಾಗ ಕಾರ್ಡಿನ ಮಿದುಳು ಕಣ್ಣು ಮುಚ್ಚಿ ತೆರೆದಿತ್ತು. ಅದು ಕಣ್ಣು ಮುಚ್ಚಿದಾಗ ಕ್ಲಚ್ಚಿನ ಗೆರೆಯನ್ನು ಕೆಳಗೆ ಒತ್ತಿ ಹಿಡಿಯಬೇಕಾದ ಪುಟ್ಟ ರೆಸಿಸ್ಟರಿನ ಬೆಸುಗೆ, ವರ್ಷಗಟ್ಟಲೆ ನಡುಗಿ ನಡುಗಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ನನ್ನ ಮೇಜು ನಡುಗುವುದಿಲ್ಲ. ಅಲ್ಲಿ ಬಿರುಕು ಕೂಡಿಕೊಂಡೇ ಇತ್ತು. ಇಲ್ಲಿ ನಡುಗಿತು, ಬಿಟ್ಟಿತು, ಕ್ಲಚ್ಚಿಗೆ ಅಪ್ಪಣೆ ಹೋಯಿತು. ಮಾದೇವಣ್ಣ ಕೈ ಹಾಕಿದ ದಿನವೂ ಆದದ್ದು ಇದೇ ಇರಬೇಕು. ಪರದೆಯಲ್ಲಿ ಎಲ್ಲ ಗೆರೆಗಳೂ ಒಂದರ ಹಿಂದೆ ಒಂದು ಮುಗ್ಗರಿಸಿದ್ದವು, ಒಂದನ್ನು ಬಿಟ್ಟು.

ಭೂಪಾಲಣ್ಣ ಬಂದರು. ನಾನು ಬೆರಳಿಟ್ಟು ತೋರಿಸುತ್ತ ಹೋದೆ. ಅವರು ಎಲ್ಲವನ್ನೂ ಒಮ್ಮೆ ಕೇಳಿ, ಮತ್ತೊಮ್ಮೆ ಹೇಳಿ ಎಂದರು. ಮತ್ತೊಮ್ಮೆ ಹೇಳಿದೆ. ಆಮೇಲೆ ಅವರು ಮಾಡಿದ್ದು ಒಂದೇ: ನಡೆದು ಹೋಗಿ ಶೆಡ್ಡಿನ ಮೇನ್ ಸ್ವಿಚ್ಚು ಇಳಿಸಿದರು.

ಕೊರೋಚಿಯಲ್ಲಿ ಮಧ್ಯಾಹ್ನ ಮಗ್ಗ ನಿಂತರೆ ಏನಾಗುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಅಲ್ಲಿಯವರೆಗೆ ಕೂಗಿ ಮಾತಾಡುತ್ತಿದ್ದವರ ದನಿ ಇದ್ದಕ್ಕಿದ್ದಂತೆ ತೀರ ದೊಡ್ಡದಾಗಿ ಕೇಳಿ, ಅವರೇ ನಾಚಿ ಸುಮ್ಮನಾಗುತ್ತಾರೆ. ಅಕ್ಕಪಕ್ಕದ ಮನೆಯವರು ಹೊರಗೆ ಬಂದರು. ಎದುರು ಮನೆಯ ಮುದುಕಿ ಗೇಟಿಗೆ ಬಂದು, "ಕೋಣ್ ಗೇಲಂ?" ಎಂದು ಕೇಳಿದಳು. ಯಾರು ತೀರಿಹೋದರು ಎಂದು. ಯಾರೂ ಹೋಗಿಲ್ಲ ಎಂದು ಯಾರೋ ಹೇಳಿದರು.

ಮಾದೇವಣ್ಣನನ್ನು ಕರೆತರಲು ಭೂಪಾಲಣ್ಣನೇ ಗಾಡಿ ತೆಗೆದುಕೊಂಡು ಹೋದರು. ಬೆರಳು ಹೋದ ದಿನದಿಂದ ಅವನು ಆ ಗೇಟು ದಾಟಿರಲಿಲ್ಲ. ಬಂದು ಸ್ಕೋಪಿನ ಮುಂದೆ ನಿಂತ. ನಾನು ವಿದ್ಯುತ್ತು, ಬೆಸುಗೆ ಎಂದು ಷುರು ಮಾಡಿದರೆ ಅದರಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ.

"ಇದರಾಗ ನನ್ನ ಬಟನ್ ಯಾವುದ್ರಿ?"

ಎಲ್ಲಕ್ಕಿಂತ ಕೆಳಗಿನ ಗೆರೆ ತೋರಿಸಿದೆ. ಪರದೆಯ ಈ ಅಂಚಿನಿಂದ ಆ ಅಂಚಿಗೆ ಅದು ನೇರವಾಗಿ ಹೋಗಿತ್ತು.

"ಅಲಗ್ಯಾಡಿಲ್ಲಲ್ರಿ?"

"ಇಲ್ಲ. ಯಾರೂ ಮುಟ್ಟಿಲ್ಲ."

ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. "ಅಕ್ಕಾರ" ಎಂದ, ಬಹಳ ಮೆತ್ತಗೆ. ಮಗ್ಗ ನಡೆಯುತ್ತಿದ್ದರೆ ಆ ಮಾತು ಯಾರಿಗೂ ಕೇಳುತ್ತಿರಲಿಲ್ಲ. "ನಾನ ಒತ್ತೀನಿ ಅಂತ ನನಗೂ ಅನಸಾಕ ಹತ್ತಿತ್ರಿ. ಎಲ್ಲಾರೂ ಅಂದ್ರ ಇರಬೇಕು ಅಂತ. ಎಡಗೈ ಹೆಬ್ಬಟ್ಟಿನಾಗ ಬಟನ್ ಹತ್ತಿದಂಗ ಆಗತಿತ್ತು. ತಲಿ ಕೆಟ್ಟೈತೇನು ಅಂತ ಮಾಡಿದ್ದೆ."

ಕಾಶವ್ವ ಮುಂದೆ ಬಂದಳು. ಅವಳೂ ಆ ಗೆರೆಯನ್ನು ಬಗ್ಗಿ ನೋಡಿದಳು, ಈ ಕಡೆಯಿಂದ ಆ ಕಡೆಗೆ ಬೆರಳಾಡಿಸಿ. ಅಳಲಿಲ್ಲ. ಗಂಡನ ಪಕ್ಕ ಕೂತು, "ನಾ ಭಾಳ ಅಂದೆ ನಿಮಗ" ಎಂದಳು. ಅವನು "ಹೂಂ" ಎಂದ. ಭೂಪಾಲಣ್ಣ ಅವನ ಎದುರು ನೆಲದಲ್ಲೇ ಕೂತರು. ಧೋತರಕ್ಕೆ ಮಗ್ಗದ ಎಣ್ಣೆ ಹತ್ತುತ್ತಿತ್ತು, ನೋಡಿದರೂ ಏಳಲಿಲ್ಲ. "ಮಾದೇವಾ, ನಾ ನಂಬಬೇಕಾಗಿತ್ತೋ" ಎಂದರು ಕೊನೆಗೆ.

ಶೆಡ್ಡಿನ ಅದೇ ಜಾತಿಯ ಮಗ್ಗಗಳ ಎಲ್ಲ ಕಾರ್ಡುಗಳನ್ನೂ ಬಿಚ್ಚಿಸಿದೆವು. ಇನ್ನೂ ಕೆಲವುಗಳಲ್ಲಿ ಅದೇ ಬಿರುಕಿತ್ತು. ಅವೆಲ್ಲ ಸರಿಯಾಗುವವರೆಗೆ ಶೆಡ್ಡಿನಲ್ಲಿ ಒಂದು ಮಗ್ಗವೂ ನಡೆಯಲಿಲ್ಲ. ಆ ಸುದ್ದಿ ಕೇಳಿ ಇಚಲಕರಂಜಿಯ ಬೇರೆ ಶೆಡ್ಡಿನವರೂ ತಮ್ಮ ಕಾರ್ಡುಗಳನ್ನು ತಂದು ನನ್ನ ಅಂಗಡಿಯ ಮುಂದೆ ಇಟ್ಟರು.

ಮಾದೇವಣ್ಣ ಈಗ ಅಲ್ಲಿಯೇ ಹೊಸದಾಗಿ ಬಂದ ನೇಕಾರರಿಗೆ ಕೆಲಸ ಕಲಿಸುತ್ತಾನೆ. ಕಳೆದ ವಾರ ಹೋಗಿದ್ದೆ. ಜಮಖಂಡಿ ಕಡೆಯ ಒಬ್ಬಾತನಿಗೆ, ಎಳೆ ತೆಗೆಯುವ ಮುನ್ನ ಪಕ್ಕದ ದೊಡ್ಡ ಸ್ವಿಚ್ಚು ಇಳಿಸಬೇಕೆಂದು ಹೇಳಿಕೊಡುತ್ತಿದ್ದ. "ಮಗ್ಗ ನಿಂತೈತಲ್ರಿ, ಬಟನ್ ಒತ್ತದ ಹೆಂಗ ನಡೀತೈತಿ?" ಎಂದು ಆತ ನಕ್ಕ. ಮಾದೇವಣ್ಣ ಬಲಗೈಯನ್ನು ಅಂಗಿಯ ಜೇಬಿನಿಂದ ಹೊರಗೆ ತೆಗೆಯಲಿಲ್ಲ. "ನಡೀತೈತಿ" ಎಂದ. ಆತ ಸ್ವಿಚ್ಚು ಇಳಿಸುವ ತನಕ ಕಾದು ನಿಂತ.

ಗೇಟಿನ ಬಳಿ ನಾನು ಕೇಳಿದೆ. "ಕೈ ತೋರಿಸಿದ್ರ ಒಂದ ಮಾತಿಗೆ ಕೇಳತಿದ್ದ ಅಲ್ಲ ಮಾದೇವಣ್ಣ?"

"ಕೇಳತಿದ್ದ" ಎಂದ. "ಆದ್ರ ಕೈ ನೋಡಿ ನಂಬೂದು ಬ್ಯಾಡ್ರಿ ಅಕ್ಕಾರ. ಮಾತ ಕೇಳಿ ನಂಬಲಿ."